‘ಉದ್ಭವಿಸುವುದಿಲ್ಲ’: ಹೊಗೆನಕಲ್ ಮತ್ತು ಲಿಖಿತ ಉತ್ತರದ ಭಾಷೆ

ಶಾಸಕರು ಕೇಳಿದ ಪ್ರಶ್ನೆಗಳಿಗೆ ಮಂತ್ರಿಗಳು ಕೊಡುವ ಲಿಖಿತ ಉತ್ತರಗಳನ್ನು ಭಾಷಾ ಅಲ್ಪಸಂಖ್ಯಾತರ ಕುರಿತ ಅಧ್ಯಯನಗಳು ಹೆಚ್ಚಾಗಿ ಅಂಕಿಅಂಶಗಳ ಕಣಜವಾಗಿ ಬಳಸಿಕೊಂಡಿವೆ. ಎಷ್ಟು ಶಾಲೆ, ಎಷ್ಟು ಶಿಕ್ಷಕರು, ಎಷ್ಟು ಅನುದಾನ ಎಂಬ ಸಂಖ್ಯೆಗಳನ್ನು ಆಯ್ದುಕೊಂಡ ಮೇಲೆ ಉತ್ತರದ ವಾಕ್ಯಗಳು ಹೊಟ್ಟಿನಂತೆ ಉಳಿಯುತ್ತವೆ. ಆದರೆ ಲಿಖಿತ ಉತ್ತರವೂ ಒಂದು ಬರವಣಿಗೆಯ ಪ್ರಕಾರ. ಅದಕ್ಕೆ ತನ್ನದೇ ವ್ಯಾಕರಣವಿದೆ, ಸವಕಲು ನುಡಿಗಟ್ಟುಗಳಿವೆ, ಮೌನದ ಜಾಗಗಳೂ ಇವೆ. ಗಡಿಯ ಜನರ ವಿಷಯದಲ್ಲಿ ಈ ವ್ಯಾಕರಣ ಮಾಡುವ ಕೆಲಸ ಸಂಖ್ಯೆಗಳು ಮಾಡುವುದಕ್ಕಿಂತ ದೊಡ್ಡದು. ಇದನ್ನು ಪರೀಕ್ಷಿಸಿ ನೋಡಲು ಹೊಗೆನಕಲ್ಲಿಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ.

ಹೆಸರು ಮತ್ತು ಗಡಿ

ಹೊಗೆನಕಲ್ ಎಂಬ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಂಡೆಗೆ ಅಪ್ಪಳಿಸಿದ ನೀರು ಹೊಗೆಯಾಗಿ ಏಳುವ ಕಲ್ಲು ಅದು. ಹಳಗನ್ನಡದ ‘ಪೊಗೆ’ ನಡುಗನ್ನಡದ ಹೊತ್ತಿಗೆ ‘ಹೊಗೆ’ಯಾಯಿತು, ತಮಿಳಿನ ‘ಪುಗೈ’ ತನ್ನ ಪಕಾರವನ್ನು ಉಳಿಸಿಕೊಂಡಿತು. ತಮಿಳಿನ ಬರಹದಲ್ಲಿ ಊರಿನ ಹೆಸರು ‘ಒಗೇನಕ್ಕಲ್’ ಎಂದಾಗುವಾಗ ಹಕಾರ ಬಿದ್ದುಹೋಗುತ್ತದೆ, ಅದರೊಡನೆ ಹೊಗೆಯೂ ಕರಗುತ್ತದೆ. ಇಂಗ್ಲಿಷಿನ ಬರಹ ಕನ್ನಡದ ಹಕಾರವನ್ನು ಉಳಿಸಿಕೊಂಡರೂ ಅರ್ಥವನ್ನು ಉಳಿಸಿಕೊಳ್ಳುವುದಿಲ್ಲ. ದೆಹಲಿಯ ಉತ್ತರಪತ್ರಗಳಲ್ಲಿ ಕಾಣಿಸುವುದು ಈ ಮೂರನೆಯ ರೂಪ. ಅಲ್ಲಿ ಹೆಸರು ಒಂದು ಯೋಜನೆಯ ಗುರುತು ಮಾತ್ರ.

1956ರ ನವೆಂಬರ್ 1ರವರೆಗೆ ಇಲ್ಲಿ ಕಾವೇರಿ ಎರಡು ರಾಜ್ಯಗಳ ಗಡಿಯಾಗಿರಲಿಲ್ಲ ಎಂಬುದು ಸುಲಭವಾಗಿ ಮರೆತುಹೋಗುವ ಸಂಗತಿ. ಈ ದಡ ಸೇಲಂ ಜಿಲ್ಲೆಯದಾದರೆ ಆ ದಡದ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಎರಡೂ ಮದರಾಸಿನ ಆಡಳಿತದಲ್ಲಿದ್ದವು. ಎರಡೂ ದಡಗಳ ಅಹವಾಲು ಒಂದೇ ಶಾಸನಸಭೆಗೆ ಹೋಗಬಹುದಾಗಿತ್ತು. ರಾಜ್ಯಗಳ ಪುನರ್ವಿಂಗಡಣೆ ಕೊಳ್ಳೇಗಾಲವನ್ನು ಮೈಸೂರಿಗೆ ಸೇರಿಸಿದಾಗ ಹೊಳೆ ಗೆರೆಯಾಯಿತು. 1965ರಲ್ಲಿ ಸೇಲಂನಿಂದ ಧರ್ಮಪುರಿ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರ್ಪಟ್ಟವು. ಗಡಿಗೆರೆ ಎಳೆದವರು ನೆಲವನ್ನು ಹಂಚಿದರು. ಪ್ರಶ್ನೆ ಕೇಳುವ ಅಧಿಕಾರವೂ ಅದರೊಡನೆಯೇ ಹಂಚಿಹೋಯಿತು.

ಉತ್ತರದ ವ್ಯಾಕರಣ

ಭಾರತದ ಶಾಸನಸಭೆಗಳಲ್ಲಿ ಪ್ರಶ್ನೆ ಕೇಳುವ ಹಕ್ಕು 1892ರ ಕೌನ್ಸಿಲ್ ಕಾಯ್ದೆಯಿಂದ ಬಂದದ್ದು. ಉಪಪ್ರಶ್ನೆಯ ಹಕ್ಕು ದೊರೆತದ್ದು 1909ರಲ್ಲಿ. ಅದಕ್ಕೂ ಮೊದಲೇ, 1881ರಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆ ರೈತರ ಮತ್ತು ವರ್ತಕರ ಅಹವಾಲನ್ನು ದಿವಾನರ ಮುಂದಿಡುವ ಪರಿಪಾಠವನ್ನು ಆರಂಭಿಸಿತ್ತು. ಅಹವಾಲು ಕಷ್ಟವನ್ನು ಹೇಳಿ ಪರಿಹಾರವನ್ನು ಬೇಡುತ್ತದೆ. ಪ್ರಶ್ನೆ ಮಾಹಿತಿಯನ್ನು ಕೇಳುತ್ತದೆ, ಅಥವಾ ಕೇಳುವಂತೆ ನಟಿಸುತ್ತದೆ. ಲೋಕಸಭೆಯ ನಿಯಮಗಳ ಪ್ರಕಾರ ಪ್ರಶ್ನೆಯಲ್ಲಿ ವಾದವಿರಬಾರದು, ವ್ಯಂಗ್ಯವಿರಬಾರದು, ಅಭಿಪ್ರಾಯವನ್ನು ಕೇಳಬಾರದು. ವಿಷಯವು ಮುಖ್ಯವಾಗಿ ಆ ಸರ್ಕಾರದ ಹೊಣೆಗೆ ಸೇರಿದ್ದಾಗಿರಬೇಕು. ಅಹವಾಲಿನ ಕಾವನ್ನು ತೆಗೆದ ಮೇಲೆ ಉಳಿಯುವುದು ಪ್ರಶ್ನೆ.

ಕರ್ನಾಟಕದ ವಿಧಾನಮಂಡಲದ ಉತ್ತರಪತ್ರ ಎಲ್ಲರಿಗೂ ಪರಿಚಿತ. ಮೇಲೆ ಚುಕ್ಕೆ ಗುರುತಿನದೋ ಗುರುತಿಲ್ಲದ್ದೋ ಎಂಬ ವಿವರ, ಸದಸ್ಯರ ಹೆಸರು, ಉತ್ತರಿಸುವ ಸಚಿವರು. ಕೆಳಗೆ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಎಡಗಡೆ ಕೇಳಿದರೆ ‘ಬಂದಿದೆ’ ಎಂದೋ ‘ಬಂದಿರುವುದಿಲ್ಲ’ ಎಂದೋ ಬಲಗಡೆ ಹೇಳುತ್ತದೆ. ‘ಹಾಗಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂದರೆ ‘ಕ್ರಮ ಕೈಗೊಳ್ಳಲಾಗುತ್ತಿದೆ’. ಕೈಗೊಳ್ಳುವವರು ಯಾರೆಂಬುದನ್ನು ವಾಕ್ಯ ಹೇಳುವುದಿಲ್ಲ. ಆಡುಗನ್ನಡದಲ್ಲಿ ಹೀಗೆ ಯಾರೂ ಮಾತನಾಡುವುದಿಲ್ಲ. ಇಂಗ್ಲಿಷ್ ಕಡತದ ಕರ್ಮಣಿ ಪ್ರಯೋಗ ‘ಲಾಗು’ ಪ್ರತ್ಯಯದ ಬೆನ್ನೇರಿ ಕಚೇರಿಗನ್ನಡಕ್ಕೆ ಬಂದಿದೆ. ಕರ್ತೃವಿಲ್ಲದ ಈ ವಾಕ್ಯಕ್ಕೆ ಹೊಣೆಗಾರರೂ ಇರುವುದಿಲ್ಲ.

ಎರಡು ನುಡಿಗಟ್ಟುಗಳನ್ನು ಬೇರ್ಪಡಿಸಿ ನೋಡಬೇಕು. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂಬುದನ್ನು ಓದುಗರು ಜಾರಿಕೊಳ್ಳುವ ಮಾತೆಂದು ತಳ್ಳಿಹಾಕುತ್ತಾರೆ. ಆದರೆ ಸಂಸತ್ತಿನ ರೂಢಿಯಲ್ಲಿ ಅದು ಭರವಸೆ. ಮೂರು ತಿಂಗಳೊಳಗೆ ತೀರಿಸಬೇಕಾದ ಸಾಲ. ಅದರ ಲೆಕ್ಕ ಇಡುವುದಕ್ಕೆಂದೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ‘ಪ್ರಶ್ನೆಯೇ ಉದ್ಭವಿಸುವುದಿಲ್ಲ’ ಎಂಬುದು ನೋಡಲು ಅಚ್ಚುಕಟ್ಟಾದ ಮಾತು, ಆದರೆ ಅದರಿಂದ ಯಾವ ಸಾಲವೂ ಹುಟ್ಟುವುದಿಲ್ಲ. ಮೊದಲ ಉಪಪ್ರಶ್ನೆಗೆ ‘ಇಲ್ಲ’ ಎಂದ ಕೂಡಲೇ ಉಳಿದ ಮೂರು ಉಪಪ್ರಶ್ನೆಗಳು ಒಂದೇ ಪದದಲ್ಲಿ ಮುಗಿದುಹೋಗುತ್ತವೆ. ತಲಕಾವೇರಿಯಲ್ಲಿ ತುಲಾ ಸಂಕ್ರಮಣದಂದು ನಡೆಯುವುದು ತೀರ್ಥೋದ್ಭವ. ನದಿಯ ಹುಟ್ಟಿಗೆ ಬಳಸುವ ಪದವೇ ಅದರ ದಡದವರ ಪ್ರಶ್ನೆ ಹುಟ್ಟಲಿಲ್ಲವೆಂದು ಸಾರುವುದಕ್ಕೂ ಬಳಕೆಯಾಗುತ್ತದೆ.

ಖಾತೆಗಳ ಹಂಚಿಕೆ

ಹೊಗೆನಕಲ್ ಒಂದು ಊರು. ಸರ್ಕಾರದ ಕಣ್ಣಿಗೆ ಹಲವು ಖಾತೆಗಳು. ನದಿ ಜಲಶಕ್ತಿ ಸಚಿವಾಲಯದ್ದು, ಕಾಡು ಪರಿಸರ ಸಚಿವಾಲಯದ್ದು, ಜಲಪಾತ ಪ್ರವಾಸೋದ್ಯಮದ್ದು, ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಾಳಾದ ಹಲ್ಲು ಮತ್ತು ಮೂಳೆ ಆರೋಗ್ಯದ್ದು, ಮಗುವಿನ ಪಠ್ಯಪುಸ್ತಕ ಶಿಕ್ಷಣದ್ದು, ಮನೆಮಾತು ಅಲ್ಪಸಂಖ್ಯಾತ ವ್ಯವಹಾರಗಳದ್ದು. ಸಂಸತ್ತಿನಲ್ಲಿ ಸಚಿವಾಲಯಗಳನ್ನು ಗುಂಪುಗಳಾಗಿಸಿ ಒಂದೊಂದಕ್ಕೆ ಒಂದೊಂದು ದಿನ ನಿಗದಿ ಮಾಡಿರುತ್ತಾರೆ. ಹೀಗಾಗಿ ಒಂದೇ ಮನೆಯ ಬದುಕು ವಾರದ ಬೇರೆ ಬೇರೆ ದಿನಗಳಿಗೆ ಹಂಚಿಹೋಗುತ್ತದೆ. ಪ್ರತಿ ಉತ್ತರವೂ ತನ್ನ ಖಾತೆಯ ಮಟ್ಟಿಗೆ ಸರಿಯೇ ಇರಬಹುದು; ಎಲ್ಲವನ್ನೂ ಒಟ್ಟಿಗಿಟ್ಟರೂ ಆ ಮನೆ ಮಾತ್ರ ಕಾಣುವುದಿಲ್ಲ.

ಇದರ ಮೇಲೆ ರಾಜ್ಯಪಟ್ಟಿ ಮತ್ತು ಕೇಂದ್ರಪಟ್ಟಿಗಳ ಹಂಚಿಕೆ ಬೇರೆ. ನೀರು ರಾಜ್ಯಪಟ್ಟಿಯ 17ನೆಯ ನಮೂದು, ಅಂತರರಾಜ್ಯ ನದಿ ಕೇಂದ್ರಪಟ್ಟಿಯ 56ನೆಯ ನಮೂದು. ಹೊಗೆನಕಲ್ಲಿನ ಮೇಲ್ಭಾಗದ ಬಿಳಿಗುಂಡ್ಲುವಿನಲ್ಲಿ ಹಾದುಹೋಗುವ ನೀರನ್ನು ಕೇಂದ್ರ ಜಲ ಆಯೋಗ ಅಳೆಯುತ್ತದೆ. ನ್ಯಾಯಮಂಡಳಿ 2007ರಲ್ಲಿ ವರ್ಷಕ್ಕೆ 192 ಟಿಎಂಸಿ ಎಂದಿದ್ದನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು 177.25 ಟಿಎಂಸಿಗೆ ಇಳಿಸಿತು. ಈ ಅಳತೆ ತಿಂಗಳುವಾರು ಸಿಗುತ್ತದೆ. ಅದೇ ದಡದಲ್ಲಿ ಕನ್ನಡ ಮಾತನಾಡುವವರ ಮಕ್ಕಳು ಯಾವ ಭಾಷೆಯಲ್ಲಿ ಓದುತ್ತಾರೆ ಎಂಬುದಕ್ಕೆ ಇಂಥ ಮಾಪನ ಕೇಂದ್ರ ಯಾವುದೂ ಇಲ್ಲ. ಎರಡು ರಾಜ್ಯಗಳು ಜಗಳವಾಡುವ ವಸ್ತು ಉತ್ತರಗಳಲ್ಲಿ ದಶಮಾಂಶದವರೆಗೆ ನಿಖರವಾಗಿದೆ. ಜಗಳವಾಡಲು ಯಾರಿಗೂ ಪುರುಸೊತ್ತಿಲ್ಲದ ವಸ್ತು ಉತ್ತರಗಳಲ್ಲೇ ಇಲ್ಲ.

ಉತ್ತರಿಸುವವರಿಲ್ಲದ ಕಾಲ

ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿರುವುದು ಹಳೆಯ ಕಷ್ಟ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು ಒಂದು ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದಲ್ಲಿ ಒಂದೂವರೆಯವರೆಗೆ ಸಹಿಸಬಹುದು. ಕಾವೇರಿಯ ನೀರನ್ನು ಈ ಜಿಲ್ಲೆಗಳಿಗೆ ಒಯ್ಯುವ ಯೋಜನೆಗೆ ಜಪಾನಿನ ಸಾಲದ ನೆರವು ದೊರೆತು, 2008ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಕರ್ನಾಟಕದಲ್ಲಿ ಪ್ರತಿಭಟನೆ ಎದ್ದಿತು. ತನ್ನ ಪಾಲಿನ ನೀರನ್ನೇ ಬಳಸುವುದಾಗಿಯೂ ಕರ್ನಾಟಕ 1998ರಲ್ಲಿಯೇ ಇದಕ್ಕೆ ಒಪ್ಪಿತ್ತೆಂದೂ ತಮಿಳುನಾಡು ವಾದಿಸಿತು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಂ. ಕರುಣಾನಿಧಿ, ಕರ್ನಾಟಕದಲ್ಲಿ ಚುನಾಯಿತ ಸರ್ಕಾರ ಬರುವವರೆಗೆ ಯೋಜನೆಯನ್ನು ತಡೆಹಿಡಿಯುವುದಾಗಿ ಹೇಳಿದರು. 2013ರ ಮೇ ತಿಂಗಳಲ್ಲಿ ಜೆ. ಜಯಲಲಿತಾ ಅವರ ಕಾಲಕ್ಕೆ ಅದು ಉದ್ಘಾಟನೆಯಾಯಿತು.

ಆ ವಸಂತದ ಗದ್ದಲದ ಬಗ್ಗೆ ಬರೆದವರು ಬೀದಿಯನ್ನು ನೋಡಿದಷ್ಟು ಸದನವನ್ನು ನೋಡಿದಂತಿಲ್ಲ. 2007ರ ನವೆಂಬರಿನಿಂದ 2008ರ ಮೇವರೆಗೆ ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆ ಇತ್ತು. ವಿಧಾನಸಭೆ ವಿಸರ್ಜನೆಯಾಗಿತ್ತು, ವಿಧಾನ ಪರಿಷತ್ತು ಶಾಶ್ವತ ಸದನವಾದರೂ ಅಲ್ಲಿ ನಿಂತು ಉತ್ತರ ಕೊಡಲು ಮಂತ್ರಿಗಳೇ ಇರಲಿಲ್ಲ. 1998ರ ಒಪ್ಪಿಗೆಯ ಷರತ್ತುಗಳೇನು, ಗಡಿಯ ಸರ್ವೆ ಎಲ್ಲಿಗೆ ಬಂತು, ನೀರು ಯಾರ ಪಾಲಿನದು — ಇವೆಲ್ಲ ಲಿಖಿತ ಪ್ರಶ್ನೆಗೆ ಹೇಳಿ ಮಾಡಿಸಿದಂಥ ವಿಷಯಗಳು. ಅವನ್ನು ಕೇಳಬಹುದಾದ ರಾಜ್ಯದ ಸದನ ಆಗ ಬಾಗಿಲು ಹಾಕಿತ್ತು. ಕಡತದಲ್ಲಿ ಕೇಳಬೇಕಾದದ್ದು ಬೀದಿಯಲ್ಲಿ ಕೂಗಾಯಿತು. ಲಿಖಿತ ಪ್ರಶ್ನೆ ಸಪ್ಪೆ ಸಂಪ್ರದಾಯವೆಂದು ಭಾವಿಸುವವರು ಅದು ಇಲ್ಲದ ಆರು ತಿಂಗಳು ಏನಾಯಿತೆಂಬುದನ್ನು ನೋಡಬೇಕು.

ಆ ಕೂಗಿನಲ್ಲಿ ಎರಡೂ ಕಡೆಯವರು ಮರೆತದ್ದು ಒಂದೇ ಸಂಗತಿಯನ್ನು. ಫ್ಲೋರೈಡ್ ಮನೆಮಾತನ್ನು ಕೇಳಿ ಮೂಳೆಗೆ ಇಳಿಯುವುದಿಲ್ಲ. ಆ ಜಿಲ್ಲೆಗಳಲ್ಲಿ ಕನ್ನಡ ಮತ್ತು ತೆಲುಗು ಮನೆಗಳೂ ಅದೇ ನೀರನ್ನು ಕುಡಿಯುತ್ತಿದ್ದವು. ಯೋಜನೆಯ ನಲ್ಲಿ ಅವರಿಗೂ ಬೇಕಾಗಿತ್ತು. ನೆಲವನ್ನು ಕನ್ನಡದ್ದೆನ್ನುವ ವಾದಕ್ಕೆ ಅಲ್ಲಿನ ಕನ್ನಡಿಗರ ಬಾಯಾರಿಕೆ ಅಡ್ಡಿಯಾಗಿತ್ತು; ನೀರು ತಮಿಳರದ್ದೆನ್ನುವ ವಾದಕ್ಕೆ ಅವರ ಇರವೇ ಅಡ್ಡಿಯಾಗಿತ್ತು.

ಕೇಳುವ ಭಾಷೆ, ಉತ್ತರದ ಭಾಷೆ

ಸಂವಿಧಾನದ 350ನೆಯ ವಿಧಿಯಂತೆ ಯಾವ ವ್ಯಕ್ತಿಯೂ ತನ್ನ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಪೆನ್ನಾಗರಂ ತಾಲ್ಲೂಕಿನ ಕನ್ನಡಿಗರು ಕನ್ನಡದಲ್ಲಿ ಅರ್ಜಿ ಬರೆಯಬಹುದೆಂದು ಇದರ ಅರ್ಥ. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂಬುದನ್ನು ವಿಧಿ ಹೇಳುವುದಿಲ್ಲ. ಶಾಸಕರ ವಿಷಯದಲ್ಲಿಯೂ ಹೀಗೆಯೇ. 210ನೆಯ ವಿಧಿ ತಾಯ್ನುಡಿಯಲ್ಲಿ ಸದನವನ್ನು ಉದ್ದೇಶಿಸಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆನ್ನುತ್ತದೆ. ಅಲ್ಲಿರುವುದು ಮಾತಿನ ಪ್ರಸ್ತಾಪ, ಬರಹದ್ದಲ್ಲ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. 2024ರಲ್ಲಿ ಕೃಷ್ಣಗಿರಿಯ ಸಂಸದ ಕೆ. ಗೋಪಿನಾಥ್ ಲೋಕಸಭೆಯಲ್ಲಿ ತೆಲುಗಿನಲ್ಲಿ ಸ್ವೀಕರಿಸಿದರು. ಎರಡೂ ಗಡಿನುಡಿಗೆ ಸಂದ ಗೌರವವೇ ಸರಿ. ಆದರೆ ಪ್ರಮಾಣವಚನ ಐದು ವರ್ಷಕ್ಕೊಮ್ಮೆ ಬರುತ್ತದೆ, ಪ್ರಶ್ನೆ ಅಧಿವೇಶನದ ಪ್ರತಿ ವಾರವೂ ಬರುತ್ತದೆ. ಅಲ್ಪಸಂಖ್ಯಾತ ಭಾಷೆಗೆ ಸಿಕ್ಕಿರುವ ಜಾಗ ವಿಧ್ಯುಕ್ತವಾದದ್ದು, ದಿನಬಳಕೆಯದಲ್ಲ.

350ಬಿ ವಿಧಿಯಂತೆ 1957ರಲ್ಲಿ ನೇಮಕಗೊಂಡ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿಯದೂ ಪ್ರಶ್ನೋತ್ತರದ ವಿಧಾನವೇ. ರಾಜ್ಯಗಳಿಗೆ ಪ್ರಶ್ನಾವಳಿ ಹೋಗುತ್ತದೆ, ಬಂದ ಉತ್ತರಗಳು ವರದಿಯಾಗಿ ಸಂಸತ್ತಿನ ಮುಂದೆ ಬರುತ್ತವೆ. ತರಗತಿಯಲ್ಲಿ ಹತ್ತು ಅಥವಾ ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಣ, ಶೇಕಡಾ 15ರಷ್ಟು ಜನರಿದ್ದರೆ ಆ ಭಾಷೆಯಲ್ಲಿ ಪ್ರಮುಖ ಪ್ರಕಟಣೆಗಳು — ಇವು ಒಪ್ಪಿತವಾದ ಮಿತಿಗಳು. ಮಿತಿಗಿಂತ ಒಬ್ಬರು ಕಡಿಮೆಯಾದರೂ ಆ ಊರಿಗೆ ‘ಉದ್ಭವಿಸುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಲಿಸುವವರಿಲ್ಲದೆ ಮಕ್ಕಳು ಕಡಿಮೆಯಾದರೋ, ಮಕ್ಕಳಿಲ್ಲದೆ ಕಲಿಸುವವರು ಕಡಿಮೆಯಾದರೋ ಎಂಬ ಮುಖ್ಯ ಪ್ರಶ್ನೆಗೆ ಪ್ರಶ್ನಾವಳಿಯ ಅಂಕಣದಲ್ಲಿ ಎಡೆಯಿಲ್ಲ.

ಹೀಗೆ ಹೊಗೆನಕಲ್ ಸೀಮೆಯ ಕನ್ನಡಿಗರಿಗೆ ಸರ್ಕಾರಿ ಪಠ್ಯಗಳಲ್ಲಿ ಮೂರು ರೂಪಗಳು. ಗಡಿ ಪ್ರದೇಶದ ಅಭಿವೃದ್ಧಿಗೆ ಪ್ರಾಧಿಕಾರವನ್ನೇ ಹೊಂದಿರುವ ಬೆಂಗಳೂರಿಗೆ ಅವರು ಅನುದಾನ ಪಡೆಯುವವರು. 2006ರ ತಮಿಳು ಕಲಿಕೆ ಕಾಯ್ದೆಯ ನಂತರದ ಚೆನ್ನೈಗೆ ನಿಯಮದಿಂದ ವಿನಾಯಿತಿ ಕೇಳುವವರು. ದೆಹಲಿಗೆ ಒಂದು ಶೇಕಡಾವಾರು. ಪ್ರಶ್ನೆ ಕೇಳುವವರಾಗಿ ಅವರು ಎಲ್ಲಿಯೂ ಕಾಣುವುದಿಲ್ಲ.

ಓದಿನ ಹೊಣೆ

ಇದರಿಂದ ಲಿಖಿತ ಉತ್ತರ ನಿರುಪಯುಕ್ತವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಸರ್ಕಾರ ಕರ್ತವ್ಯಕ್ಕೆ ಕಟ್ಟುಬಿದ್ದು ಮಾತನಾಡುವ ಕೆಲವೇ ಜಾಗಗಳಲ್ಲಿ ಅದು ಒಂದು. ಸದನದ ಮುಂದೆ ಸುಳ್ಳು ಹೇಳಿದರೆ ಹಕ್ಕುಚ್ಯುತಿಯಾಗುತ್ತದೆ. ಭಾಷಣದಲ್ಲಿ ಉಬ್ಬಿದ್ದು ಉತ್ತರದಲ್ಲಿ ತನ್ನ ಅಳತೆಗೆ ಬರುತ್ತದೆ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನು ಕೈಬಿಟ್ಟಾಗಲೂ ಉಳಿದುಕೊಂಡದ್ದು ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ ಲಿಖಿತ ಉತ್ತರವೇ.

ಬದಲಾಗಬೇಕಾದದ್ದು ಸಂಶೋಧಕರ ಓದು. ಉತ್ತರದೊಡನೆ ಪ್ರಶ್ನೆಯನ್ನೂ, ಅದು ಯಾವ ಖಾತೆಗೆ ಹೋಯಿತು, ಯಾವ ಖಾತೆಗೆ ಹೋಗಲಿಲ್ಲ ಎಂಬುದನ್ನೂ ಒಟ್ಟಿಗೆ ಓದಬೇಕು. ‘ಸಂಗ್ರಹಿಸಲಾಗುತ್ತಿದೆ’ ಎಂದು ಕಂಡಲ್ಲಿ ಮೂರು ತಿಂಗಳ ನಂತರದ ಕಡತವನ್ನು ಹುಡುಕಬೇಕು. ‘ಉದ್ಭವಿಸುವುದಿಲ್ಲ’ ಎಂದು ಕಂಡಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟ ಮೊದಲ ‘ಇಲ್ಲ’ವನ್ನು ಪರೀಕ್ಷಿಸಬೇಕು. ತಮಿಳು ಮತ್ತು ಕನ್ನಡ ಎರಡನ್ನೂ ಬಲ್ಲ ವಿದ್ವಾಂಸರು ಎರಡು ಸದನಗಳ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಒಂದು ಸರ್ಕಾರ ತನ್ನದಲ್ಲವೆಂದು ಬಿಟ್ಟದ್ದನ್ನು ಇನ್ನೊಂದು ಎತ್ತಿಕೊಂಡಿದೆಯೋ ಇಲ್ಲವೋ ತಿಳಿಯುತ್ತದೆ. ಎರಡೂ ಬಿಟ್ಟ ಜಾಗದಲ್ಲಿ ಯಾರು ಬದುಕುತ್ತಿದ್ದಾರೆಂಬುದು ಆಗ ಕಾಣತೊಡಗುತ್ತದೆ. ಮುಂದಿನ ಪ್ರಶ್ನೆಯನ್ನು ಬರೆಯುವ ಶಾಸಕರಿಗೆ ಬೇಕಾಗಿರುವುದು ಆ ಪಟ್ಟಿಯೇ.