ಒಂದೇ ಆಂಡ್ರಾಯ್ಡ್, ಹಲವು ನಡವಳಿಕೆ

ಸರಳ ಲೋಲಕದ ಆವರ್ತಕಾಲವನ್ನು ಮೊಬೈಲ್ ಫೋನಿನಿಂದಲೇ ಅಳೆಯಬಹುದೆಂದು ನಿಮಗೆ ಗೊತ್ತಿರಬಹುದು. ಫೋನನ್ನೇ ಗುಂಡಿನಂತೆ ತೂಗುಬಿಟ್ಟರೆ ಅದರೊಳಗಿನ ವೇಗೋತ್ಕರ್ಷ ಸಂವೇದಕ ಆಂದೋಲನವನ್ನು ದಾಖಲಿಸುತ್ತದೆ. ನಾರಾಯಣಪುರದ ವಿದ್ಯಾರ್ಥಿಗಳೊಡನೆ ಇದನ್ನು ಮಾಡಿ ನೋಡಿದೆ. ಎಲ್ಲರದೂ ಆಂಡ್ರಾಯ್ಡ್, ಆಪ್ ಕೂಡ ಒಂದೇ. ಆದರೆ ಪರದೆ ಆರಿದೊಡನೆ ಕೆಲವು ಫೋನುಗಳು ಅಳತೆಯನ್ನೇ ನಿಲ್ಲಿಸಿದವು, ಉಳಿದವು ಮುಂದುವರಿಸಿದವು. ಬ್ಯಾಟರಿ ಉಳಿಸಲೆಂದು ತಯಾರಕರು ಕಾರ್ಯಾಚರಣ ವ್ಯವಸ್ಥೆಗೆ ತಮ್ಮ ತಮ್ಮ ಮಾರ್ಪಾಡು ಸೇರಿಸಿದ್ದರ ಫಲವಿದು. ಹೀಗಿರುವಾಗ ಪ್ರಯೋಗದ ಸೂಚನೆಯನ್ನು ಅಧ್ಯಾಪಕರು ಬರೆಯುವುದಾದರೂ ಹೇಗೆ?

ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟರೆ ಹೀಗಾಗುವುದೇ ಸಹಜ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ. ಸೈನೋಜೆನ್‌ಮಾಡ್ 2016ರಲ್ಲಿ ನಿಂತುಹೋದಾಗ ಅದರ ಕವಲಾಗಿ ಹುಟ್ಟಿದ್ದು ಲೀನಿಯೇಜ್ ಓಎಸ್. ತಯಾರಕರು ಕೈಬಿಟ್ಟ ಎಷ್ಟೋ ಹಳೆಯ ಫೋನುಗಳು ಅದರಿಂದ ಬದುಕಿವೆ. ಕವಲೊಡೆಯುವ ಸ್ವಾತಂತ್ರ್ಯ ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ.

ನನ್ನ ಆಕ್ಷೇಪ ಇರುವುದು ಮಾರ್ಪಾಡುಗಳು ಮೂಲಕ್ಕೆ ಹಿಂತಿರುಗದಿರುವುದರ ಬಗ್ಗೆ. ಆಂಡ್ರಾಯ್ಡಿನ ತಳದಲ್ಲಿರುವ ಲಿನಕ್ಸ್ ತಿರುಳಿಗೆ ಜಿಪಿಎಲ್ ಪರವಾನಗಿ ಇದೆ. ತಿರುಳನ್ನು ತಿದ್ದಿ ಹಂಚುವವರು ಆ ಸಂಕೇತವನ್ನೂ ಕೊಡಬೇಕು. ಮೇಲಿನ ಪದರಗಳ ಬಹುಭಾಗಕ್ಕೆ ಇರುವುದು ಅಪಾಚೆ ಪರವಾನಗಿ. ಅಲ್ಲಿ ಆ ಕಟ್ಟುಪಾಡಿಲ್ಲ. ನಮ್ಮ ಲೋಲಕ ಎಡವಿದ್ದು ಈ ಮೇಲಿನ ಪದರದಲ್ಲಿಯೇ.

ಇಂಥ ತೊಡಕನ್ನು ಬೆಂಗಳೂರಿನ ಕೆಲವರು ಮೊದಲೇ ಊಹಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪೆನಿಯ ಎಂಜಿನಿಯರರೂ ಸೇರಿ 2001ರಲ್ಲಿ ಹೊರತಂದ ಸಿಂಪ್ಯೂಟರ್, ಲಿನಕ್ಸ್ ಆಧಾರಿತ ಅಂಗೈ ಗಣಕ. ಅದರ ವಿನ್ಯಾಸವನ್ನು ಸಿಂಪ್ಯೂಟರ್ ಟ್ರಸ್ಟ್ ಪರವಾನಗಿಯ ಮೇಲೆ ಕೊಡುತ್ತಿತ್ತು. ವಿನ್ಯಾಸವನ್ನು ಬದಲಿಸಿ ಮಾರುವವರು ಒಂದು ವರ್ಷದೊಳಗೆ ಆ ಬದಲಾವಣೆಯನ್ನು ಟ್ರಸ್ಟಿಗೆ ಒಪ್ಪಿಸಬೇಕು. ಒಂದು ವರ್ಷ ಲಾಭ ಮಾಡಿಕೊಳ್ಳಿ, ಬಳಿಕ ಎಲ್ಲರೊಡನೆ ಹಂಚಿಕೊಳ್ಳಿ! ಇಷ್ಟು ನ್ಯಾಯವಾದ ನಿಯಮ ನನಗೆ ಬೇರೆಲ್ಲೂ ಕಂಡಿಲ್ಲ.

ಆದರೂ ಅದರಲ್ಲೊಂದು ಕೊರತೆ ಇತ್ತು. ನಿಯಮ ಅನ್ವಯವಾಗಿದ್ದು ಯಂತ್ರಾಂಶಕ್ಕೆ. ಪರವಾನಗಿ ಪಡೆದ ಪಿಕೋಪೆಟಾ ಕಂಪೆನಿಯ ಅಮಿಡಾ 2004ರಲ್ಲಿ ಬಂದಾಗ ಅದರ ಪರದೆಯನ್ನು ನಿರ್ವಹಿಸುತ್ತಿದ್ದುದು ಆಲ್ಕೆಮಿ ಎಂಬ ಅದರದೇ ತಂತ್ರಾಂಶ. ಎನ್‌ಕೋರ್ ತಯಾರಿಸಿದ ಸಿಂಪ್ಯೂಟರಿನಲ್ಲಿ ಅದು ಇರಲಿಲ್ಲ. ತಯಾರಕರು ಇಬ್ಬರೇ ಇದ್ದಾಗಲೂ ಕವಲು ಮೂಡಿತು. ಮಾರಾಟ ಕೆಲವೇ ಸಾವಿರಕ್ಕೆ ನಿಂತದ್ದರಿಂದ ಆ ನಿಯಮದ ನಿಜವಾದ ಪರೀಕ್ಷೆ ನಡೆಯಲೇ ಇಲ್ಲ.

ಗೂಗಲ್ 2017ರಲ್ಲಿ ಟ್ರೆಬಲ್ ಯೋಜನೆಯ ಮೂಲಕ ಯಂತ್ರಾಂಶಕ್ಕೆ ಅಂಟಿದ ಭಾಗವನ್ನು ಉಳಿದ ಆಂಡ್ರಾಯ್ಡಿನಿಂದ ಬೇರ್ಪಡಿಸಿತು. ಹೊಸ ಆವೃತ್ತಿ ತಲುಪಿಸುವುದು ಸುಲಭವಾಯಿತು, ಅಷ್ಟೆ. ಬ್ಯಾಟರಿಯ ನಿಯಮಗಳು ಇಂದಿಗೂ ಕಂಪೆನಿಗೊಂದು ಬಗೆ. ನಾವು ಕೊನೆಗೆ ಪರದೆ ಆರದಂತೆ ಹೊಂದಿಸಿ ಪ್ರಯೋಗ ಮುಗಿಸಿದೆವು. ಆ ಹೊಂದಿಕೆಯೂ ಒಂದೊಂದು ಫೋನಿನಲ್ಲಿ ಒಂದೊಂದು ಕಡೆ ಅಡಗಿತ್ತು.