ಕುರ್ಟ್ ಶ್ವಿಟ್ಟರ್ಸನ ಅಂಟುಚಿತ್ರಗಳು

ಚಿತ್ರಕಾರನು ಮೊದಲು ಮನಸ್ಸಿನಲ್ಲಿ ಒಂದು ರೂಪವನ್ನು ನಿಶ್ಚಯಿಸಿಕೊಂಡು, ಅನಂತರವೇ ಕುಂಚವನ್ನು ಹಿಡಿಯುತ್ತಾನೆಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ಭಾವನೆ. ದೇವತಾಮೂರ್ತಿಯನ್ನು ಬರೆಯುವವನಿಗೆ ಧ್ಯಾನಶ್ಲೋಕವೇ ಆಧಾರ. ಹೀಗಿರುವಲ್ಲಿ, ಯಾವ ಪೂರ್ವಸಂಕಲ್ಪವೂ ಇಲ್ಲದೆ ಕೈಗೆ ಸಿಕ್ಕಿದ ಕಾಗದದ ಚೂರು, ಬಟ್ಟೆಯ ತುಂಡು, ಹಗ್ಗ, ಮರದ ಬಿಲ್ಲೆಗಳನ್ನು ಹಲಗೆಗೆ ಅಂಟಿಸಿ, ನಡುನಡುವೆ ಬಣ್ಣವನ್ನು ಬಳಿದು, ಇದೂ ಚಿತ್ರವೇ ಎನ್ನುವವನ ಮಾತನ್ನು ಯಾವ ಪ್ರಮಾಣದಿಂದ ಪರೀಕ್ಷಿಸಬೇಕು? ಅಂತಃಸ್ಫೂರ್ತಿಯ ಹೆಸರಿನಲ್ಲಿ ಇಂತಹ ಮಿಶ್ರಮಾಧ್ಯಮದ ಕೃತಿಗಳು ಇಂದು ಎಲ್ಲೆಡೆಯೂ ಹೆಚ್ಚಿರುವುದರಿಂದ, ಈ ಮಾರ್ಗದ ಮೊದಲಿಗರಲ್ಲೊಬ್ಬನಾದ ಜರ್ಮನಿಯ ಕುರ್ಟ್ ಶ್ವಿಟ್ಟರ್ಸನನ್ನೇ ಮುಂದಿಟ್ಟುಕೊಂಡು ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಅಂಟಿಸುವ ಕ್ರಮವು ಆತನ ಶೋಧವಲ್ಲ. ೧೯೧೨ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯಂತೆ ಅಚ್ಚಾದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಅದರ ಸುತ್ತ ಹಗ್ಗವನ್ನು ಬಿಗಿದನು. ಅದೇ ವರ್ಷ ಬ್ರಾಕ್ ಮರದ ಹಲಗೆಯಂತೆ ಕಾಣುವ ಗೋಡೆಕಾಗದವನ್ನು ಕತ್ತರಿಸಿ ಇದ್ದಿಲಿನ ಗೆರೆಗಳೊಡನೆ ಸೇರಿಸಿದನು. ಆದರೆ ಇವರಲ್ಲಿ ಅಂಟಿಸಿದ್ದು ಕುರ್ಚಿಯನ್ನೋ ಮೇಜನ್ನೋ ಸೂಚಿಸುತ್ತದೆ. ಶ್ವಿಟ್ಟರ್ಸನಲ್ಲಿ ಟ್ರಾಮಿನ ಟಿಕೆಟ್ಟು ಟ್ರಾಮಿನ ಟಿಕೆಟ್ಟೇ. ನಮ್ಮ ಮೈಸೂರು ಚಿತ್ರಗಳಲ್ಲಿ ಉಬ್ಬುಲೇಪದ ಮೇಲೆ ಬಂಗಾರದ ರೇಕನ್ನು ಹೊದಿಸುವುದನ್ನೂ, ರವಿವರ್ಮನ ಅಚ್ಚಿನ ಪಟಗಳಿಗೆ ಗೃಹಿಣಿಯರು ಜರಿ ಮಣಿಗಳನ್ನು ಅಂಟಿಸಿ ಕಟ್ಟು ಹಾಕಿಸುತ್ತಿದ್ದುದನ್ನೂ ಇಲ್ಲಿ ಕೆಲವರು ನೆನೆಯಬಹುದು. ಸಾಮ್ಯವು ಅರ್ಧ ಮಾತ್ರ: ಅಲ್ಲಿ ಲಕ್ಷ್ಮಿಯ ರೂಪವು ಮೊದಲೇ ಸಿದ್ಧವಾಗಿದೆ, ಜರಿಯು ಅದಕ್ಕೆ ಅಲಂಕಾರ.

ಶ್ವಿಟ್ಟರ್ಸನು ೧೮೮೭ರಲ್ಲಿ ಹ್ಯಾನೋವರಿನಲ್ಲಿ ಜನಿಸಿ, ಡ್ರೆಸ್ಡನ್ನಿನ ಕಲಾಶಾಲೆಯಲ್ಲಿ ಕ್ರಮವಾಗಿ ಅಭ್ಯಾಸಮಾಡಿದವನು. ಪ್ರತಿಕೃತಿಗಳನ್ನೂ ಭೂದೃಶ್ಯಗಳನ್ನೂ ಕೊನೆಯವರೆಗೆ ಬರೆಯುತ್ತಲೇ ಇದ್ದನು. ಆದುದರಿಂದ ಬರೆಯಲಾರದವನು ಅಂಟಿಸಿದನೆಂಬ ಹಾಸ್ಯಕ್ಕೆ ಇಲ್ಲಿ ಎಡೆಯಿಲ್ಲ. ೧೯೧೯ರಲ್ಲಿ ಒಂದು ಬ್ಯಾಂಕಿನ ಜಾಹೀರಾತಿನ 'ಕೊಮ್ಮೆರ್ಟ್ಸ್' ಎಂಬ ಮಾತಿನಿಂದ 'ಮೆರ್ಟ್ಸ್' ಎಂಬಷ್ಟನ್ನೇ ಕತ್ತರಿಸಿ ಚಿತ್ರದಲ್ಲಿ ಸೇರಿಸಿದನು. ಅರ್ಥವಿಲ್ಲದ ಆ ತುಣುಕೇ ಮುಂದೆ ಆತನ ಕಲೆಗೆಲ್ಲ ಹೆಸರಾಯಿತು.

ಲೇಖನಗಳಲ್ಲಿ ಆತನು ತನ್ನ ಸಿದ್ಧಾಂತವನ್ನು ಹೇಳಿದ್ದಾನೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ವಿಷವೊಂದುಂಟಂತೆ. ಹಲಗೆಯ ಮೇಲಿನ ಹಂಚಿಕೆಯಿಂದ, ಕತ್ತರಿಸುವುದರಿಂದ, ಮೇಲೆ ಬಣ್ಣ ಬಳಿಯುವುದರಿಂದ ಆ ವಿಷವು ಇಳಿದು, ವಸ್ತುವು ಶುದ್ಧ ರೂಪವಾಗಿ ಉಳಿಯುತ್ತದಂತೆ. ಮಾತು ಚಮತ್ಕಾರವಾದುದು. ಆದರೆ ಕೃತಿಗಳು ಇದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಈಗ ಸ್ಟಾಕ್‌ಹೋಮಿನಲ್ಲಿರುವ 'ಕಾರ್ಮಿಕ ಚಿತ್ರ'ವನ್ನು ನೋಡಿರಿ. ಮರದ ತುಂಡುಗಳ ಮತ್ತು ಕಾಗದಗಳ ನಡುವೆ ಕಾರ್ಮಿಕನೆಂಬ ಅರ್ಥದ ಜರ್ಮನ್ ಪದವು ಕೆಂಪಕ್ಷರಗಳಲ್ಲಿ ನಿಂತಿದೆ. ೧೯೧೮ರ ನವೆಂಬರಿನ ಕ್ರಾಂತಿ ಕಳೆದು ಒಂದು ವರ್ಷವೂ ತುಂಬಿರದ ದೇಶದಲ್ಲಿ ಆ ಪದವು ಬರಿಯ ಕೆಂಪು ಬಣ್ಣದ ಪಟ್ಟಿಯಾಗಿ ಉಳಿಯಿತೆಂದು ಯಾರು ನಂಬಿಯಾರು? ಚಿತ್ರಕ್ಕೆ ಹೆಸರನ್ನೇ ಆ ಪದದಿಂದ ಕೊಟ್ಟವನು ಚಿತ್ರಕಾರನಲ್ಲವೆ! ವಿಷವು ಇಳಿದಿಲ್ಲ, ಇಳಿಯದಿರುವುದರಿಂದಲೇ ಚಿತ್ರಕ್ಕೆ ಬಲ ಬಂದಿದೆ. ಸಿದ್ಧಾಂತಕ್ಕಿಂತ ಕೃತಿಯೇ ಮೇಲು.

ಇನ್ನು ಅಂತಃಸ್ಫೂರ್ತಿಯ ಮಾತು. ಶ್ವಿಟ್ಟರ್ಸನು ಕೆಲಸಮಾಡುವುದನ್ನು ಕಂಡವರೊಬ್ಬರು ಹೇಳಿರುವಂತೆ, ಆತನು ಹಿಟ್ಟು ನೀರುಗಳ ಅಂಟನ್ನು ಕಾಗದದ ಮೇಲೆ ಹರಡಿ, ಅದು ಹಸಿಯಾಗಿರುವಾಗಲೇ ಚೂರುಗಳನ್ನು ಅತ್ತಿತ್ತ ಸರಿಸುತ್ತಿದ್ದನು. ಸರಿಯಾದೆಡೆ ದೊರೆತ ಮೇಲೆ ಬೆರಳುಗಳಿಂದ ಒತ್ತಿ, ಹೆಚ್ಚಿನ ಅಂಟನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದನು. ಈ ಸರಿಸಾಟವನ್ನು ಗಮನಿಸಬೇಕು. ಪೂರ್ವಸಂಕಲ್ಪವಿಲ್ಲವೆಂದರೆ ವಿವೇಚನೆಯಿಲ್ಲವೆಂದಲ್ಲ. ಒಂದು ಚೂರು ನಿಲ್ಲುವ ಮೊದಲು ಹತ್ತು ಎಡೆಗಳನ್ನು ತಿರಸ್ಕರಿಸಿರುತ್ತದೆ. ಕೊರಳಿಗೆ ಡಾಬು ತೊಟ್ಟರೆ ನಗೆಗೀಡೆಂದು ಹೇಳಿದ ಕ್ಷೇಮೇಂದ್ರನ ಔಚಿತ್ಯವೇ ಇಲ್ಲಿಯೂ ಕೆಲಸಮಾಡುತ್ತಿದೆ. ಭೇದವೇನೆಂದರೆ ಶರೀರವು ಮೊದಲೇ ಇಲ್ಲ, ಆಭರಣಗಳನ್ನು ಇಡುತ್ತಿಡುತ್ತ ಅದು ಮೂಡಬೇಕು. ಈ ಕಷ್ಟವನ್ನು ಅರಿಯದೆ, ಸಿಕ್ಕಿದ್ದನ್ನು ಸಿಕ್ಕಲ್ಲಿ ಅಂಟಿಸಿ ಸ್ಫೂರ್ತಿಯೆನ್ನುವವರು ಅವನ ಚೀಲವನ್ನು ಮಾತ್ರ ಕದ್ದಿದ್ದಾರೆ, ಕಣ್ಣನ್ನಲ್ಲ.

ವಿಮರ್ಶಕನಿಗೆ ಇಲ್ಲಿ ತೊಡಕೊಂದಿದೆ. ಆಗಿನ ವರ್ತಮಾನಪತ್ರಿಕೆಗಳ ಕಾಗದವು ಬೆಳಕಿಗೆ ಹಳದಿಯಾಗುವಂತಹುದು. ಇಂದು ನಾವು ಮೆಚ್ಚುವ ಕಂದುಬಣ್ಣದ ಸೌಮ್ಯತೆಯಲ್ಲಿ ಎಷ್ಟು ಭಾಗ ಶ್ವಿಟ್ಟರ್ಸನದು, ಎಷ್ಟು ಕಾಲದ್ದು? ಎಣ್ಣೆಬಣ್ಣವೂ ಮಾಸುವುದು ನಿಜ. ಆದರೆ ಚೂರುಚೂರಿನ ಸಂಬಂಧದ ಮೇಲೆಯೇ ನಿಂತ ಕಲೆಯಲ್ಲಿ ಒಂದು ಚೂರು ಕಂದಿದರೆ ಎಲ್ಲವೂ ಕದಲುತ್ತದೆ. ಆದ್ದರಿಂದ ಈ ಚಿತ್ರಗಳ ವರ್ಣಸಂಯೋಜನೆಯನ್ನು ಹೊಗಳುವಾಗ ನಾಲಗೆಯನ್ನು ಸ್ವಲ್ಪ ಬಿಗಿಹಿಡಿಯುವುದು ಒಳ್ಳೆಯದು. ವಿನ್ಯಾಸವನ್ನು ಕುರಿತು ಧೈರ್ಯವಾಗಿ ಮಾತನಾಡಬಹುದು.

'ಮೆರ್ಟ್ಸ್' ಎಂಬ ತುಣುಕನ್ನು ಹೊತ್ತ ಮೊದಲ ಚಿತ್ರವನ್ನು ನಾಟ್ಸಿಗಳು ೧೯೩೭ರಲ್ಲಿ ಮ್ಯೂನಿಕ್ಕಿನ 'ಪತಿತ ಕಲೆ'ಯ ಪ್ರದರ್ಶನದಲ್ಲಿ ಪರಿಹಾಸಕ್ಕಾಗಿ ತೂಗುಹಾಕಿದರು. ಅದೇ ವರ್ಷದ ಆರಂಭದಲ್ಲಿ ಶ್ವಿಟ್ಟರ್ಸನು ನಾರ್ವೆಗೆ ತಪ್ಪಿಸಿಕೊಂಡು ಹೋಗಿದ್ದನು. ೧೯೪೦ರಲ್ಲಿ ಇಂಗ್ಲೆಂಡನ್ನು ಸೇರಿ, ೧೯೪೮ರಲ್ಲಿ ಅಲ್ಲಿಯೇ ತೀರಿಕೊಂಡನು. ಆ ಚಿತ್ರವು ಅನಂತರ ಕಾಣೆಯಾಯಿತು. ಉಳಿದಿರುವುದು ಕಪ್ಪುಬಿಳುಪಿನ ಛಾಯಾಚಿತ್ರ ಮಾತ್ರ. ಅಕ್ಷರಗಳು ಎಲ್ಲಿ ಕುಳಿತಿದ್ದುವೆಂಬುದು ಅದರಲ್ಲಿ ಕಾಣುತ್ತದೆ. ಅವುಗಳ ಸುತ್ತ ಯಾವ ಬಣ್ಣವಿತ್ತೆಂಬುದು ಕಾಣುವುದಿಲ್ಲ.