ತೋಳುಗಳ ನಡುವಿನ ಬೇಸರ

ವಿರಹದ ಹಾಡಿಗೆ ಒಂದು ಸಿದ್ಧ ಲೆಕ್ಕವಿದೆ: ಪ್ರಿಯರು ದೂರವಾದರು, ಆದ್ದರಿಂದ ಒಂಟಿತನ. ಬೈಂದೂರಿನ ಬಳಿಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ಯನ್ನೂ ನಾವು ಬಹುಮಟ್ಟಿಗೆ ಆ ಲೆಕ್ಕದಲ್ಲೇ ಕೇಳುತ್ತೇವೆ. ಆದರೆ ಕವಿತೆಯೊಳಗೆ ಯಾರೂ ಮೈಯಿಂದ ದೂರ ಹೋಗಿಲ್ಲ. ಹೂವಿನ ಹಾಸಿಗೆ, ಚಂದ್ರ, ಗಂಧ, ಅಪ್ಪುಗೆ, ಮುತ್ತು, ಎಲ್ಲವೂ ಅಲ್ಲೇ ಇವೆ. ಇಷ್ಟಕ್ಕೇ ತೃಪ್ತಿಯೆಂದು ಒಪ್ಪಿಕೊಂಡಿದ್ದ ಜೀವವೂ ಅಲ್ಲೇ ಇದೆ. ಒಂಟಿತನ ಹುಟ್ಟುವುದು ಈ ತೋಳುಗಳ ನಡುವೆ. ಸಂಸ್ಕೃತದ ಸಮಾಸಗಳು ಒಂದರ ಹಿಂದೊಂದು ಅಲೆಯಂತೆ ಬರುವ ಈ ಕವಿತೆಯಲ್ಲಿ, ಆ ಸ್ಥಿತಿಯನ್ನು ಹೆಸರಿಸುವಾಗ ಅಡಿಗರು ಮನೆಮಾತಿನ ‘ಬೇಸರ’ಕ್ಕೆ ಇಳಿಯುತ್ತಾರೆ. ನನ್ನ ಮಟ್ಟಿಗೆ ಇಡೀ ಕವಿತೆಯ ಭಾರ ಹೊತ್ತಿರುವುದು ಆ ಪದ. ಶೋಕವೆಂದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಬೇಸರಕ್ಕೆ ಕಾರಣ ಬೇಕಿಲ್ಲ, ಪಕ್ಕದಲ್ಲಿರುವವರಿಗೂ ಅದನ್ನು ಬಿಡಿಸಿ ಹೇಳಲಾಗದು. ದೂರದ ತೀರಕ್ಕೆ ನಿನ್ನನ್ನು ಕರೆದದ್ದು ಯಾವ ಮುರಳಿ ಎಂದು ಏಕವಚನದ ಸಲಿಗೆಯಲ್ಲಿ ಎಷ್ಟು ಕೇಳಿದರೂ ಇಲ್ಲಿನ ಪ್ರಶ್ನೆಗಳಿಗೆ ಉತ್ತರ ಬರುವುದಿಲ್ಲ.

ಮುರಳಿ, ವೃಂದಾವನ ಎಂದಮೇಲೆ ಇದು ಕೃಷ್ಣನ ಕರೆ, ದೇಹವನ್ನು ದಾಟುವ ಆತ್ಮದ ಹಂಬಲ ಎನ್ನುವವರಿದ್ದಾರೆ. ಒಪ್ಪಬಹುದಾದ ಓದೇ, ಆದರೆ ಸಾಲದು. ಭಕ್ತಿಗೀತೆಯಲ್ಲಿ ಕರೆಯುವವನು ಯಾರೆಂಬುದು ಓಗೊಟ್ಟವರಿಗೆ ಗೊತ್ತು. ಇಲ್ಲಿ ‘ಯಾವ’ ಎಂಬುದೇ ಕೊನೆತನಕ ಬಗೆಹರಿಯದು. ನಾಗತಿಹಳ್ಳಿ ಚಂದ್ರಶೇಖರ ಅವರ ‘ಅಮೆರಿಕಾ ಅಮೆರಿಕಾ’ (1997) ಚಿತ್ರ ಮನೋಮೂರ್ತಿಯವರ ಸಂಗೀತದಲ್ಲಿ ಈ ಕವಿತೆಯನ್ನು ಮನೆಮನೆಗೆ ಮುಟ್ಟಿಸಿತು. ಅದು ಸಣ್ಣ ಕೆಲಸವಲ್ಲ. ಆದರೆ ದೂರದ ತೀರಕ್ಕೆ ಅಲ್ಲಿ ಅಮೆರಿಕವೆಂಬ ಒಂದು ವಿಳಾಸ ಅಂಟಿಕೊಂಡಿತು. ಹೋಟೆಲ್ ಕೆಲಸಕ್ಕೆಂದು ತಲೆಮಾರುಗಳಿಂದ ಮುಂಬೈ, ಬೆಂಗಳೂರಿಗೆ ಹೊರಟ ಅಡಿಗರ ಕುಂದಾಪುರ ಸೀಮೆಯವರಿಗೆ ಊರು ಬಿಡುವ ಆ ಅರ್ಥವೂ ನಿಜವೇ. ಆದರೆ ಊರು ಬಿಟ್ಟವನು ಕಾಗದ ಬರೆಯಬಹುದು, ಮಳೆಗಾಲ ಕಳೆದು ಬಸ್ಸು ಹತ್ತಬಹುದು. ಹಾಸಿಗೆಯಲ್ಲೇ ಇದ್ದು ಹೊರಟುಹೋದವನು ಎಲ್ಲಿಗೆ ಮರಳಬೇಕು?

ಅದೇ ಸೀಮೆಯ ಕಡಲ ದಂಡೆಯ ಪ್ರಮೋದ್ ಮರವಂತೆಯವರು ‘ಮುಂದಿನ ನಿಲ್ದಾಣ’ (2019) ಚಿತ್ರಕ್ಕೆ ಬರೆದ ‘ಇನ್ನೂನು ಬೇಕಾಗಿದೆ’ ಹಾಡು ಮೇಲ್ನೋಟಕ್ಕೆ ‘ಮೋಹನ ಮುರಳಿ’ಯ ಎದುರು ತುದಿ. ಅಡಿಗರ ಕವಿತೆ ‘ಸಾಕು’ ಎಂಬ ಮಾತು ಸುಳ್ಳಾದ ಮೇಲೆ ಶುರುವಾಗುತ್ತದೆ. ಈ ಹಾಡಿಗೆ ಒಲವು ಸಾಕಾಗುವುದೇ ಇಲ್ಲ. ಹಾಗೆಂದು ಇದನ್ನು ಬರೀ ಹಿತವಾದ ಪ್ರೇಮಗೀತೆಯೆಂದು ಬದಿಗಿಡಲಾರೆ. ಸಿಕ್ಕಿದ್ದು ಕರಗುತ್ತಿದೆಯೆಂಬ ಅಳುಕಿಲ್ಲದೆ ಯಾರೂ ‘ಇನ್ನೂ’ ಎಂದು ಕೇಳುವುದಿಲ್ಲ. ಹಾಡು ಆ ಅಳುಕನ್ನು ರಾಗದಲ್ಲಿ ತೇಲಿಸಿ ಮುಂದೆ ಸಾಗುತ್ತದೆ. ಅಡಿಗರು ಅಲ್ಲಿಯೇ ನಿಂತುಬಿಟ್ಟರು.